ಮೂಲಗೇಣಿ ಹೋಗಿ ಚಾಲಗೇಣಿ ಬಂತು

ಕಾದಂಬರಿಗೆ ವಿಮರ್ಶೆ ಬರೀತಾರೆ, ಸಿನಿಮಾಕ್ಕೆ ಬರೀತಾರೆ, ಹೊಸದಾಗಿ ಬಂದ ಮೊಬೈಲಿಗೂ ಬರೀತಾರೆ. ಸಾಫ್ಟ್‌ವೇರ್ ಲೈಸೆನ್ಸ್ ಒಪ್ಪಂದಕ್ಕೆ ಮಾತ್ರ ಯಾರೂ ಬರೆಯಲ್ಲ. ಕಾರಣ ಸರಳ, ಅದನ್ನು ಓದುವವರೇ ಇಲ್ಲ. ಎಂಜಿನಿಯರ್‌ಗಳು ಅದು ಲೀಗಲ್‌ನವರ ಕೆಲಸ ಅಂತಾರೆ. ಲೀಗಲ್‌ನವರು ಇದರಲ್ಲಿ ಟೆಕ್ನಿಕಲ್ ಪದ ಜಾಸ್ತಿ ಅಂತ ಪ್ರೊಕ್ಯೂರ್‌ಮೆಂಟ್‌ಗೆ ಕಳಿಸ್ತಾರೆ. ಪ್ರೊಕ್ಯೂರ್‌ಮೆಂಟ್‌ನವರು ಕೊನೆಯ ಪುಟದ ಮೊತ್ತ ನೋಡಿ ಡಿಸ್ಕೌಂಟ್ ಕೇಳ್ತಾರೆ. ಅಲ್ಲಿಗೆ ಓದು ಮುಗೀತು.

ಆದರೆ ಇತ್ತೀಚಿನ ವರ್ಷಗಳಲ್ಲಿ ನಮ್ಮ ದಿನನಿತ್ಯದ ಕೆಲಸವನ್ನು ಬದಲಾಯಿಸಿದ ಬರಹ ಯಾವುದು ಅಂತ ಯಾರಾದರೂ ಕೇಳಿದರೆ, ನಾನು ಇಂಥ ಮೂರು ದಾಖಲೆಗಳನ್ನೇ ತೋರಿಸುತ್ತೇನೆ. ಮೂರೂ 2023ರವು. ಜನವರಿಯಲ್ಲಿ ಬಂದ ಒರಾಕಲ್‌ನ ಜಾವಾ ದರಪಟ್ಟಿ, ಆಗಸ್ಟ್‌ನಲ್ಲಿ ಬಂದ ಹ್ಯಾಶಿಕಾರ್ಪ್‌ನ ಲೈಸೆನ್ಸ್ ಬದಲಾವಣೆ, ಡಿಸೆಂಬರ್‌ನಲ್ಲಿ ಬಂದ ಬ್ರಾಡ್‌ಕಾಮ್‌ನ ವಿಎಂವೇರ್ ಪ್ರಕಟಣೆ. ಇವನ್ನು ಪಠ್ಯಗಳ ಹಾಗೆಯೇ ಓದಬೇಕು. ಯಾವ ಪದ ಎಲ್ಲಿ ಕೂತಿದೆ, ಯಾಕೆ ಕೂತಿದೆ ಅಂತ.

ಓದುವ ಮುಂಚೆ ಒಂದು ಹಳೆಯ ಲೆಕ್ಕ. ನಮ್ಮ ಕಡೆ, ಅಂದರೆ ಕರಾವಳಿಯಲ್ಲಿ, ಭೂಮಿಯ ಗೇಣಿಯಲ್ಲಿ ಎರಡು ಬಗೆ ಇತ್ತು. ಮೂಲಗೇಣಿ ಅಂದರೆ ಶಾಶ್ವತ. ಗೇಣಿ ಎಷ್ಟು ಅಂತ ಒಮ್ಮೆ ಗೊತ್ತುಮಾಡಿದರೆ ಮುಗೀತು. ಮಕ್ಕಳಿಗೆ, ಮೊಮ್ಮಕ್ಕಳಿಗೆ ಅದೇ ಗೇಣಿ, ಅದೇ ಜಾಗ. ಚಾಲಗೇಣಿ ಅಂದರೆ ವರ್ಷದಿಂದ ವರ್ಷಕ್ಕೆ. ಧಣಿಗೆ ಮನಸ್ಸಾದರೆ ಗೇಣಿ ಏರಿಸಬಹುದು, ಮನಸ್ಸು ಕೆಟ್ಟರೆ ಒಕ್ಕಲೆಬ್ಬಿಸಬಹುದು. ಎರಡರಲ್ಲೂ ಬೆಳೆಯುವ ಭತ್ತ ಒಂದೇ. ಆದರೆ ಚಾಲಗೇಣಿಯವನು ತೆಂಗಿನ ಸಸಿ ನೆಡುವ ಮೊದಲು ಹತ್ತು ಸಲ ಯೋಚನೆ ಮಾಡುತ್ತಿದ್ದ. ಫಲ ಬರುವ ಹೊತ್ತಿಗೆ ತಾನು ಆ ಜಾಗದಲ್ಲಿ ಇರುತ್ತೇನಾ ಅನ್ನೋದೇ ಅವನಿಗೆ ಗೊತ್ತಿಲ್ಲ.

ಎಂಟರ್‌ಪ್ರೈಸ್ ಸಾಫ್ಟ್‌ವೇರ್‌ನಲ್ಲಿ ನಡೆದದ್ದು ಇದೇ. ಪರ್ಪೆಚುಯಲ್ ಲೈಸೆನ್ಸ್ ನಮ್ಮ ಮೂಲಗೇಣಿ, ಸಬ್‌ಸ್ಕ್ರಿಪ್ಷನ್ ನಮ್ಮ ಚಾಲಗೇಣಿ. ಹೋಲಿಕೆ ಪೂರ್ತಿ ಸರಿಹೊಂದಲ್ಲ, ಅದು ಗೊತ್ತು. ನಾವು ಬಡ ಒಕ್ಕಲಲ್ಲ, ಅವರು ಅಕ್ಕಿಮುಡಿ ಹೊರಿಸಿಕೊಂಡು ಹೋಗುವ ಧಣಿಯೂ ಅಲ್ಲ. ಆದರೂ ಸಸಿ ನೆಡುವವನ ಆ ಅನುಮಾನ ಮಾತ್ರ ಹಾಗೇ ಬಂದಿದೆ.

ಮೊದಲು ಒರಾಕಲ್ ದರಪಟ್ಟಿ. ಇದರ ನಾಯಕ ಒಂದೇ ಪದ, 'ಎಂಪ್ಲಾಯಿ'. ಅದಕ್ಕೂ ಮುಂಚೆ, 2018ರಲ್ಲಿ ಶುರುವಾದ ಜಾವಾ ಚಂದಾದಲ್ಲಿ ಸರ್ವರ್ ಆದರೆ ಪ್ರೊಸೆಸರ್ ಲೆಕ್ಕ, ಡೆಸ್ಕ್‌ಟಾಪ್ ಆದರೆ ಬಳಸುವವರ ಲೆಕ್ಕ. ಪಟ್ಟಿ ಬೆಲೆ ಪ್ರೊಸೆಸರ್‌ಗೆ ತಿಂಗಳಿಗೆ 25 ಡಾಲರ್. ಹೊಸ ಪಟ್ಟಿಯಲ್ಲಿ ಪ್ರೊಸೆಸರ್ ಮಾಯ, ಬಳಸುವವನೂ ಮಾಯ. ಉಳಿದದ್ದು ಸಂಸ್ಥೆಯ ಒಟ್ಟು ತಲೆಗಳು. ಜಾವಾ ಹೆಸರೇ ಕೇಳದ ರಿಸೆಪ್ಷನಿಸ್ಟ್ ಕೂಡ ಒಂದು ತಲೆ. ನಿಜವಾಗಿ ಬಳಸುವವರು ಎಷ್ಟು ಅನ್ನೋದು ಲೆಕ್ಕಕ್ಕೆ ಬರಲ್ಲ ಅಂತ ವ್ಯಾಖ್ಯೆಯಲ್ಲೇ ಇದೆ.

ಒಂದು ಊಹೆಯ ಲೆಕ್ಕ ಹಾಕೋಣ. ಎರಡು ಸಾವಿರ ಜನರ ಸಂಸ್ಥೆ, ಜಾವಾ ಓಡೋದು 40 ಪ್ರೊಸೆಸರ್ ಮೇಲೆ. ಹಳೆಯ ಪಟ್ಟಿಯಲ್ಲಿ ವರ್ಷಕ್ಕೆ 12,000 ಡಾಲರ್. ಹೊಸದರಲ್ಲಿ ಸಾವಿರದಿಂದ ಮೂರು ಸಾವಿರದೊಳಗಿನವರಿಗೆ ತಲೆಗೆ ತಿಂಗಳಿಗೆ 12 ಡಾಲರ್, ಅಂದರೆ ವರ್ಷಕ್ಕೆ 2,88,000 ಡಾಲರ್. ಇಪ್ಪತ್ನಾಲ್ಕು ಪಟ್ಟು. ಸಾಫ್ಟ್‌ವೇರ್ ಅದೇ, ಸರ್ವರ್ ಅದೇ. ಬದಲಾದದ್ದು ಒಂದು ಪದದ ಅರ್ಥ.

ಆ ಅರ್ಥದ ಒಳಗೆ ಇನ್ನೂ ಒಂದು ಸಂಗತಿ ಇದೆ. ಪೂರ್ಣಾವಧಿ, ಅರೆಕಾಲಿಕ, ತಾತ್ಕಾಲಿಕ ನೌಕರರ ಜೊತೆಗೆ, ಸಂಸ್ಥೆಯ ಒಳಗಿನ ಕೆಲಸಕ್ಕೆ ನೆರವಾಗುವ ಏಜೆಂಟರು, ಕಾಂಟ್ರಾಕ್ಟರ್‌ಗಳು, ಔಟ್‌ಸೋರ್ಸಿಂಗ್ ಕಂಪನಿಗಳು, ಕನ್ಸಲ್ಟೆಂಟ್‌ಗಳು, ಇವರ ನೌಕರರೂ ಎಣಿಕೆಗೆ ಸೇರುತ್ತಾರೆ. ದರಪಟ್ಟಿಯಲ್ಲೇ ಉದಾಹರಣೆ ಕೊಟ್ಟಿದ್ದಾರೆ. ಸಂಸ್ಥೆಯ ನೌಕರರು 23,000, ಹೊರಗಿನವರು 5,000, ಒಟ್ಟು 28,000. ತಲೆಗೆ 6.75 ಡಾಲರ್. ವರ್ಷಕ್ಕೆ 22,68,000 ಡಾಲರ್.

ಆ ಐದು ಸಾವಿರ ಹೊರಗಿನವರು ಯಾರು? ಬೆಂಗಳೂರಿನಲ್ಲಿ ಕೂತು ಓದುತ್ತಿರುವ ನಮಗೆ ಹೇಳಬೇಕಾ? ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೂತು ಯಾವುದೋ ದೇಶದ ಕ್ಲೈಂಟ್‌ನ ಟಿಕೆಟ್ ಮುಚ್ಚುವ ನಾವೇ. ನಾನಿದ್ದ ಒಂದು ಪ್ರಾಜೆಕ್ಟ್‌ಗೆ ಕ್ಲೈಂಟ್ ಕಡೆಯಿಂದ ಒಮ್ಮೆ ಮೇಲ್ ಬಂತು: ನಿಮ್ಮ ತಂಡದಲ್ಲಿ ನಮ್ಮ ಕೆಲಸ ಮಾಡುವವರು ನಿಖರವಾಗಿ ಎಷ್ಟು ಜನ, ತಕ್ಷಣ ಹೇಳಿ. ಅದೇ ಕ್ಲೈಂಟ್‌ನ ಟೌನ್‌ಹಾಲ್ ಮೀಟಿಂಗ್‌ಗೆ ನಮಗೆ ಲಿಂಕ್ ಬರುತ್ತಿರಲಿಲ್ಲ, 'ಎಂಪ್ಲಾಯಿಗಳಿಗೆ ಮಾತ್ರ' ಅಂತ. ಅವರ ಆಫೀಸಿಗೆ ಹೋದರೆ ನಮ್ಮ ಬ್ಯಾಡ್ಜ್‌ನ ದಾರದ ಬಣ್ಣವೇ ಬೇರೆ. ಸವಲತ್ತಿನ ಪಟ್ಟಿಯಲ್ಲಿ ನಾವು ವೆಂಡರ್, ಲೈಸೆನ್ಸ್ ಪಟ್ಟಿಯಲ್ಲಿ ಎಂಪ್ಲಾಯಿ. ತಂಡದಲ್ಲಿ ಒಬ್ಬರು ಕೇಳಿದರು, "ಹಾಗಾದ್ರೆ ಬೋನಸ್ಸೂ ಕೊಡ್ತಾರಾ ಮಾರಾಯ್ರೆ?" ನಕ್ಕೆವು. ಆದರೆ ವಿಷಯ ನಗುವಂಥದ್ದಲ್ಲ. ನನ್ನ ತಲೆಗೆ ತಿಂಗಳಿಗೆ ಇಷ್ಟು ಡಾಲರ್ ಹೆಚ್ಚುವರಿ ಖರ್ಚು ಅಂತ ಆದ ಮೇಲೆ, ಮುಂದಿನ ಬಜೆಟ್‌ನಲ್ಲಿ ಯಾರೋ ತಲೆ ಕಡಿಮೆ ಮಾಡುವ ಮಾತು ಎತ್ತೇ ಎತ್ತುತ್ತಾರೆ.

ಎರಡನೆಯದು ಬ್ರಾಡ್‌ಕಾಮ್. 2023ರ ನವೆಂಬರ್ 22ಕ್ಕೆ ವಿಎಂವೇರ್ ಖರೀದಿ ಮುಗಿಸಿದ ಕಂಪನಿ, ಮೂರು ವಾರದೊಳಗೆ ಪರ್ಪೆಚುಯಲ್ ಲೈಸೆನ್ಸ್ ಮಾರಾಟ ನಿಲ್ಲಿಸಿತು. ಹಳೆಯ ಲೈಸೆನ್ಸ್ ಇಟ್ಟುಕೊಂಡವರು ಬಳಸಬಹುದು, ಆದರೆ ಅದರ ಸಪೋರ್ಟ್ ನವೀಕರಣ ಇಲ್ಲ. ಪ್ರಕಟಣೆಯ ಶೀರ್ಷಿಕೆಯಲ್ಲಿ ಹೇಳಿಕೊಂಡದ್ದು ಏನು ಗೊತ್ತಾ? ಎಲ್ಲವನ್ನೂ ಸರಳ ಮಾಡಿದ್ದೇವೆ ಅಂತ. ಈ 'ಸರಳ' ಅನ್ನೋ ಪದದ ಮೇಲೆ ನನ್ನ ತಕರಾರಿದೆ. ಹತ್ತು ಬಗೆಯ ಸಾಮಾನಿದ್ದ ಅಂಗಡಿಯಲ್ಲಿ ಎರಡು ದೊಡ್ಡ ಮೂಟೆ ಮಾತ್ರ ಇಟ್ಟರೆ ಅಂಗಡಿಯವನಿಗೆ ಸರಳ. ಕಾಲು ಕೆ.ಜಿ. ತೊಗರಿಬೇಳೆಗೆ ಬಂದವನಿಗೆ ಅಲ್ಲ.

ಈ ಪಠ್ಯದ ನಿಜವಾದ ಟಿಪ್ಪಣಿ ಸಿಗೋದು ನ್ಯಾಯಾಲಯದ ಕಾಗದಗಳಲ್ಲಿ. ಅಮೆರಿಕದ ದೊಡ್ಡ ಟೆಲಿಕಾಂ ಕಂಪನಿ ಎಟಿ ಅಂಡ್ ಟಿ 2024ರಲ್ಲಿ ನ್ಯೂಯಾರ್ಕ್‌ನಲ್ಲಿ ಬ್ರಾಡ್‌ಕಾಮ್ ಮೇಲೆ ದಾವೆ ಹೂಡಿತು. ಸುಮಾರು 8,600 ಸರ್ವರ್‌ಗಳ ಮೇಲೆ 75,000 ವರ್ಚುಯಲ್ ಮಷೀನ್ ಓಡಿಸುವ ಕಂಪನಿ. ಸಪೋರ್ಟ್ ಮುಂದುವರಿಸಿಕೊಳ್ಳುವ ಆಯ್ಕೆ ನಮ್ಮ ಹಳೆಯ ಒಪ್ಪಂದದಲ್ಲೇ ಇದೆ ಅನ್ನೋದು ಅವರ ವಾದ. ಕೆಲವೇ ತಿಂಗಳಲ್ಲಿ ಎರಡೂ ಕಡೆಯವರು ರಾಜಿಯಾದರು. ಅಷ್ಟು ದೊಡ್ಡ ಕಂಪನಿಗೆ, ಅಷ್ಟು ವಕೀಲರಿದ್ದವರಿಗೆ, ಕಾಗದದಲ್ಲಿ ಇರುವುದನ್ನು ಕೇಳಲು ಕೋರ್ಟಿಗೆ ಹೋಗಬೇಕಾಯಿತು. ಇನ್ನೂರು ಜನರ ಕಂಪನಿ ಏನು ಮಾಡಬೇಕು? ಅದಕ್ಕೆ ಉಳಿಯೋದು ಎರಡೇ ದಾರಿ. ಬಿಲ್ ಕಟ್ಟು, ಇಲ್ಲಾ ಖಾಲಿ ಮಾಡು.

ಮೂರನೆಯದು ಹ್ಯಾಶಿಕಾರ್ಪ್. ಮೂರರಲ್ಲಿ ನನಗೆ ಹೆಚ್ಚು ಕುತೂಹಲದ್ದು ಇದೇ, ಯಾಕೆಂದರೆ ಇಲ್ಲಿ ಖಳನಾಯಕ ಅಷ್ಟು ಸ್ಪಷ್ಟವಾಗಿಲ್ಲ. ಟೆರಾಫಾರ್ಮ್ ಓಪನ್ ಸೋರ್ಸ್ ಆಗಿತ್ತು. 2023ರ ಆಗಸ್ಟ್ 10ಕ್ಕೆ, ಮುಂದಿನ ಆವೃತ್ತಿಗಳೆಲ್ಲ ಬಿಸಿನೆಸ್ ಸೋರ್ಸ್ ಲೈಸೆನ್ಸ್ ಅಡಿ ಬರುತ್ತವೆ ಅಂದರು. ಕೋಡ್ ನೋಡಬಹುದು, ಬಳಸಬಹುದು, ಆದರೆ ನಮಗೆ ಪೈಪೋಟಿ ಕೊಡುವ ಉತ್ಪನ್ನ ಕಟ್ಟುವ ಹಾಗಿಲ್ಲ. ನಾಲ್ಕು ವರ್ಷದ ನಂತರ ಪ್ರತಿ ಆವೃತ್ತಿಯೂ ಮತ್ತೆ ಓಪನ್ ಸೋರ್ಸ್ ಆಗುತ್ತದೆ. ನಾವು ಬರೆದ ಕೋಡ್‌ನಿಂದ ಬೇರೆಯವರು ದುಡ್ಡು ಮಾಡ್ತಾರೆ, ವಾಪಸ್ ಏನೂ ಕೊಡಲ್ಲ ಅನ್ನೋದು ಅವರ ದೂರು. ಆ ದೂರಿನಲ್ಲಿ ಹುರುಳಿದೆ. ಕೋಡ್ ಬರೆಯುವವರಿಗೂ ಸಂಬಳ ಬೇಕು, ನಮ್ಮಲ್ಲಿ ಎಷ್ಟೋ ಜನ ಅಂಥ ಕಂಪನಿಗಳಲ್ಲೇ ಇದ್ದೇವೆ. ತಕರಾರು ಇರೋದು ಎರಡು ಕಡೆ. ಪೈಪೋಟಿ ಅಂದರೇನು ಅನ್ನೋ ಗೆರೆ ಎಳೆಯುವ ಕೈ ಅವರದ್ದೇ. ಜೊತೆಗೆ, ಓಪನ್ ಸೋರ್ಸ್ ಅನ್ನೋ ನಂಬಿಕೆಯ ಮೇಲೆ ಕೋಡ್ ಕೊಟ್ಟ ಹೊರಗಿನವರನ್ನು ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಕೋಡ್ ಕೊಡುವಾಗಲೇ ಅವರು ಸಹಿ ಹಾಕಿದ ಕಾಂಟ್ರಿಬ್ಯೂಟರ್ ಒಪ್ಪಂದದಲ್ಲಿ ಆ ಹಕ್ಕು ಕಂಪನಿಗೆ ಹೋಗಿತ್ತು.

ಆದರೆ ಇಲ್ಲಿ ಒಕ್ಕಲಿಗೆ ಒಂದು ದಾರಿ ಇತ್ತು. ಹಳೆಯ ಆವೃತ್ತಿಯ ಹಕ್ಕನ್ನು ಯಾರೂ ಕಸಿಯುವ ಹಾಗಿರಲಿಲ್ಲ. ಅದನ್ನೇ ಹಿಡಿದು ಜನ ಫೋರ್ಕ್ ಮಾಡಿದರು. ಓಪನ್‌ಟೋಫು ಅದೇ ಸೆಪ್ಟೆಂಬರ್‌ಗೆ ಲಿನಕ್ಸ್ ಫೌಂಡೇಶನ್ ಸೇರಿತು, 2024ರ ಜನವರಿಗೆ ಬಳಕೆಗೆ ಬಂತು. 2024ರ ಮಾರ್ಚ್‌ನಲ್ಲಿ ರೆಡಿಸ್ ಲೈಸೆನ್ಸ್ ಬದಲಿಸಿದಾಗ, ಅದೇ ತಿಂಗಳು ವಾಲ್ಕೀ ಹುಟ್ಟಿತು. ಮರುವರ್ಷ ರೆಡಿಸ್ 8ಕ್ಕೆ ಮತ್ತೆ ಓಪನ್ ಸೋರ್ಸ್ ಲೈಸೆನ್ಸ್ ಸೇರಿಸಿದರು. ನಮ್ಮೂರಿನಲ್ಲಿ ಭೂಸುಧಾರಣೆಯ ಮೇಲೆ ಫಾರಂ ನಂಬರ್ 7 ತುಂಬಿ ಪಡೆದ ಜಾಗಕ್ಕೆ 'ಡಿಕ್ಲರೇಶನ್ ಜಾಗ' ಅಂತಾರೆ. 1974ರ ಆ ಕಾಯ್ದೆಗೆ ಸಾಫ್ಟ್‌ವೇರ್ ಲೋಕದಲ್ಲಿ ಹತ್ತಿರದ್ದು ಏನಾದರೂ ಇದ್ದರೆ ಅದು ಫೋರ್ಕ್ ಮಾತ್ರ. ಮುಚ್ಚಿದ ಕೋಡ್‌ನವರಿಗೆ ಆ ಫಾರಂ ಸಿಗಲ್ಲ, ಅಷ್ಟೇ ವ್ಯತ್ಯಾಸ.

ಹಾಗಾದರೆ ಸಿದ್ಧತೆ ಹೇಗೆ? ಸಾಮಾನ್ಯವಾಗಿ ಸಿಗುವ ಸಲಹೆ ಅಂದರೆ ಬೇಗ ಮಾತುಕತೆ ಶುರು ಮಾಡಿ, ವೆಂಡರ್ ಜೊತೆ ಸಂಬಂಧ ಚೆನ್ನಾಗಿಟ್ಟುಕೊಳ್ಳಿ, ಮೂರು ವರ್ಷಕ್ಕೆ ಸಹಿ ಹಾಕಿ ಡಿಸ್ಕೌಂಟ್ ತಗೊಳ್ಳಿ. ನನಗಿದು ಅರ್ಧ ಸಲಹೆ. ಬಿಟ್ಟುಹೋಗಲು ಸಾಧ್ಯವಿಲ್ಲದವನು ಎಷ್ಟು ಬೇಗ ಮಾತಿಗೆ ಕೂತರೂ ಅವನದ್ದು ಕೋರಿಕೆಯೇ, ಚೌಕಾಸಿ ಅಲ್ಲ. ಅದಕ್ಕೇ ಸಿದ್ಧತೆ ಶುರುವಾಗಬೇಕಾದ್ದು ಎಂಜಿನಿಯರ್‌ಗಳ ಟೇಬಲ್‌ನಲ್ಲಿ.

ಮೊದಲು ಪಹಣಿ ಮಾಡಿಕೊಳ್ಳಬೇಕು. ಜಮೀನಿನ ಪಹಣಿಯಲ್ಲಿ ಮಾಲೀಕ ಯಾರು, ಸಾಗುವಳಿ ಯಾರದ್ದು ಅಂತ ಬೇರೆ ಬೇರೆ ಕಾಲಂ ಇರುತ್ತದೆ. ಹಾಗೇ ಯಾವ ಸಾಫ್ಟ್‌ವೇರ್ ಎಲ್ಲಿ ಓಡುತ್ತಿದೆ, ಯಾವ ಒಪ್ಪಂದದ ಯಾವ ಆವೃತ್ತಿಯ ಅಡಿ ಓಡುತ್ತಿದೆ ಅಂತ ಬರೆದಿಡಬೇಕು. ಜಾವಾ ಅಂತೂ ಅಡಗಿ ಕೂರುವುದರಲ್ಲಿ ನಿಪುಣ. ಹಳೆಯ ಕಂಟೇನರ್ ಇಮೇಜ್, ಬಿಲ್ಡ್ ಸರ್ವರ್, ಅಕೌಂಟ್ಸ್‌ನವರ ಡೆಸ್ಕ್‌ಟಾಪ್, ಎಲ್ಲಿ ಬೇಕಾದರೂ ಸಿಗುತ್ತದೆ. ಸಿಕ್ಕಿದ್ದೆಲ್ಲ ದುಡ್ಡು ಕೊಡಬೇಕಾದ್ದೂ ಅಲ್ಲ. ಓಪನ್‌ಜೆಡಿಕೆ ಆಧಾರದ ಟೆಮ್ಯುರಿನ್, ಕೊರೆಟ್ಟೊ ಉಚಿತ. ಒರಾಕಲ್‌ನದ್ದೇ ಹೊಸ ಆವೃತ್ತಿಗಳೂ ಒಂದು ಅವಧಿಯ ತನಕ ಉಚಿತ, ಆಮೇಲಿನ ಅಪ್‌ಡೇಟ್‌ಗೆ ಬೇರೆ ಷರತ್ತು. ಆ ಅವಧಿ ಯಾವಾಗ ಮುಗಿಯುತ್ತದೆ ಅನ್ನೋದು ಪಹಣಿಯಲ್ಲಿ ಇರಬೇಕು.

ಎರಡನೆಯದು, ಸಹಿ ಹಾಕಿದ ದಿನದ ಷರತ್ತುಗಳನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಎಷ್ಟೋ ಒಪ್ಪಂದಗಳು 'ವಿವರಕ್ಕೆ ಈ ಲಿಂಕ್ ನೋಡಿ' ಅಂತಿರುತ್ತವೆ. ಲಿಂಕ್ ಅಲ್ಲೇ ಇರುತ್ತದೆ, ಅದರ ಹಿಂದಿನ ಪುಟ ಬದಲಾಗಿರುತ್ತದೆ.

ಮೂರನೆಯದು ಕ್ಯಾಲೆಂಡರ್. ನವೀಕರಣಕ್ಕೆ ಎಷ್ಟು ತಿಂಗಳಿದೆ ಅನ್ನೋದರ ಪಕ್ಕದಲ್ಲಿ, ಬಿಟ್ಟು ಹೋಗಲು ಎಷ್ಟು ತಿಂಗಳು ಬೇಕು ಅಂತಲೂ ಬರೆಯಿರಿ. ಎರಡನೆಯ ಸಂಖ್ಯೆ ದೊಡ್ಡದಿದ್ದರೆ ನಿಮ್ಮ ಮಾತುಕತೆ ಆಗಲೇ ಮುಗಿದಿದೆ. ಆ ಸಂಖ್ಯೆ ಊಹೆಯಾಗಬಾರದು. ಒಂದೇ ಒಂದು ಸಣ್ಣ ಅಪ್ಲಿಕೇಶನ್ನನ್ನು ಟೆಸ್ಟ್ ಎನ್ವಿರಾನ್‌ಮೆಂಟ್‌ನಲ್ಲಿ ಬೇರೆ ಜೆಡಿಕೆಗೋ ಬೇರೆ ಹೈಪರ್‌ವೈಸರ್‌ಗೋ ಸಾಗಿಸಿ ನೋಡಿದರೆ, ಹತ್ತು ಮೀಟಿಂಗ್‌ನಲ್ಲಿ ಗೊತ್ತಾಗದ್ದು ಒಂದು ವಾರದಲ್ಲಿ ಗೊತ್ತಾಗುತ್ತದೆ.

ನಾಲ್ಕನೆಯದು, ಹೊಸ ಟೂಲ್ ಆರಿಸುವಾಗ ಫೀಚರ್ ಪಟ್ಟಿಯ ಜೊತೆ ಇದನ್ನೂ ನೋಡಿ. ಕೋಡ್ ಒಂದೇ ಕಂಪನಿಯ ಕೈಯಲ್ಲಿದೆಯಾ, ಫೌಂಡೇಶನ್ ಅಡಿ ಇದೆಯಾ? ಹೊರಗಿನವರ ಹಕ್ಕು ಕಂಪನಿಗೆ ಬರೆದುಕೊಡುವ ಒಪ್ಪಂದ ಇದೆಯಾ? ಗಿಟ್‌ಹಬ್‌ನಲ್ಲಿ ಎಷ್ಟು ಸ್ಟಾರ್ ಇದೆ ಅನ್ನೋದಕ್ಕಿಂತ ಇದು ಮುಖ್ಯ.

ಇದನ್ನೆಲ್ಲ ಮಾಡಿದರೂ ಬೆಲೆ ಏರುವುದು ನಿಲ್ಲಲ್ಲ. ಕೆಲವು ಕಡೆ ಲೆಕ್ಕ ಹಾಕಿ ನೋಡಿದರೆ ಹೊಸ ಬೆಲೆ ಕೊಟ್ಟು ಅಲ್ಲೇ ಇರೋದೇ ಸರಿ ಅಂತಲೂ ಬರಬಹುದು. ತಪ್ಪೇನಿಲ್ಲ, ಅದು ಗೊತ್ತಿದ್ದು ಮಾಡಿದ ತೀರ್ಮಾನ. ನವೀಕರಣದ ನೋಟಿಸ್ ಬಂದ ದಿನ ಕೈಕಾಲು ನಡುಗಿ ಮಾಡಿದ ತೀರ್ಮಾನ ಆಗಬಾರದು, ಅಷ್ಟೇ.

ಇನ್ನು ಈ ಮೂರು ಪಠ್ಯಗಳ ಬಗ್ಗೆ ವಿಮರ್ಶಕನಾಗಿ ನನ್ನ ಅಭಿಪ್ರಾಯ. ಭಾಷೆ ಅಚ್ಚುಕಟ್ಟು, ಒಂದು ಪದವೂ ವ್ಯರ್ಥವಿಲ್ಲ. ಬರೆದವರು ಪ್ರತಿ ಸಾಲನ್ನೂ ಹತ್ತು ಸಲ ಓದಿರುತ್ತಾರೆ. ನಿಮ್ಮ ಕಂಪನಿಯ ಒಪ್ಪಂದವನ್ನೂ ಯಾರೋ ಹಾಗೇ ಓದಿ ಬರೆದಿದ್ದಾರೆ. ಅದು ಯಾವ ಫೋಲ್ಡರ್‌ನಲ್ಲಿದೆ ಅಂತ ಸೋಮವಾರ ಆಫೀಸಿಗೆ ಹೋದ ಮೇಲೆ ಕೇಳಿ. ಸಿಕ್ಕರೆ ಮೊದಲು ವ್ಯಾಖ್ಯೆಗಳ ಪುಟ ಓದಿ, ಆಮೇಲೆ ನವೀಕರಣದ ಪುಟ. ಬೆಲೆಯ ಪುಟ ಕೊನೆಗೆ.