ಒಂದು ರಾಕ್ ಗೀತೆಯ ಹುಟ್ಟು ಮತ್ತು ಜಾನಪದ ಕರ್ತೃತ್ವದ ಪ್ರಶ್ನೆ

ಜನಪದ ಗೀತೆಗೆ ಕರ್ತೃವಿಲ್ಲವೆಂಬ ಮಾತು ಜಾನಪದ ಅಧ್ಯಯನದಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ತಾತ್ವಿಕ ನಿಲುವಾಗಿ ಇದನ್ನು ಒಪ್ಪುವುದು ಸುಲಭ. ಆದರೆ ಹಾಡು ಮಾರುಕಟ್ಟೆಯ ಸರಕಾದಾಗ ಆ ನಿಲುವಿನಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಪ್ರಶ್ನೆ ಏಳುತ್ತದೆ. ಇಂಗ್ಲೆಂಡಿನ ‘ದಿ ಆನಿಮಲ್ಸ್’ ತಂಡ ಹಾಡಿದ ‘ದಿ ಹೌಸ್ ಆಫ್ ದಿ ರೈಸಿಂಗ್ ಸನ್’ ಎಂಬ ರಾಕ್ ಗೀತೆಯ ಹುಟ್ಟನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನ್ಯೂಕ್ಯಾಸಲ್ ನಗರದ ಈ ತಂಡ 1964ರಲ್ಲಿ ಚಕ್ ಬೆರಿಯೊಡನೆ ಸಂಗೀತ ಪ್ರವಾಸದಲ್ಲಿತ್ತು. ಬೆರಿಯ ಅಬ್ಬರದ ಎದುರು ಭಿನ್ನವಾಗಿ ಕೇಳಿಸುವ ಹಾಡು ಬೇಕೆಂದು ಐವರು ಕಲಾವಿದರು ಇದನ್ನು ಆರಿಸಿಕೊಂಡರು. ಅದೇ ವರ್ಷದ ಮೇ 18ರಂದು ಲಂಡನ್ನಿನಲ್ಲಿ, ಮಿಕಿ ಮೋಸ್ಟ್ ಅವರ ನಿರ್ಮಾಣದಲ್ಲಿ, ಒಂದೇ ಸಲಕ್ಕೆ ಧ್ವನಿಮುದ್ರಣ ಮುಗಿಯಿತು. ನಾಲ್ಕು ನಿಮಿಷ ಮೀರಿದ ಹಾಡು ಅಂದಿನ ರೇಡಿಯೊ ವಾಡಿಕೆಗೆ ದೀರ್ಘವಾಗಿದ್ದರೂ ಜುಲೈ ತಿಂಗಳಲ್ಲಿ ಬ್ರಿಟನ್ನಿನಲ್ಲಿಯೂ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿಯೂ ಜನಪ್ರಿಯತೆಯ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ರಾಕ್ ಚರಿತ್ರೆಯಲ್ಲಿ ಈ ‘ಒಂದೇ ಸಲ’ವನ್ನು ಪವಾಡವೆಂಬಂತೆ ವರ್ಣಿಸಲಾಗುತ್ತದೆ. ವಾಸ್ತವದಲ್ಲಿ ಅದರ ಹಿಂದೆ ಪಾಠಾಂತರಗಳ ದೀರ್ಘ ಸರಣಿಯಿದೆ. ಅಮೆರಿಕದ ಕ್ಲಾರೆನ್ಸ್ ಆ್ಯಶ್ಲಿ ಮತ್ತು ಗ್ವೆನ್ ಫಾಸ್ಟರ್ 1933ರಲ್ಲಿಯೇ ಇದನ್ನು ಧ್ವನಿಮುದ್ರಿಸಿದ್ದರು. ಕ್ಷೇತ್ರಕಾರ್ಯಕ್ಕೆಂದು ಕೆಂಟಕಿಯ ಮಿಡಲ್ಸ್‌ಬರೊಗೆ ಹೋಗಿದ್ದ ಜಾನಪದ ಸಂಗ್ರಾಹಕ ಆ್ಯಲನ್ ಲೊಮ್ಯಾಕ್ಸ್, 1937ರಲ್ಲಿ ಜಾರ್ಜಿಯಾ ಟರ್ನರ್ ಎಂಬ 16 ವರ್ಷದ ಬಡ ಹುಡುಗಿಯಿಂದ ಇದನ್ನು ಸಂಗ್ರಹಿಸಿದರು. ಲೊಮ್ಯಾಕ್ಸ್ ತಂದೆ-ಮಗನ 1941ರ ಸಂಕಲನದ ಮೂಲಕ ಹಾಡು ನಗರದ ಗಾಯಕರನ್ನು ತಲುಪಿತು. ನ್ಯೂಯಾರ್ಕಿನ ಡೇವ್ ವ್ಯಾನ್ ರಾಂಕ್ ಅದರ ಸ್ವರಮೇಳವನ್ನು ಬದಲಿಸಿದರು. ಆ ರೂಪವನ್ನೇ ಬಾಬ್ ಡಿಲನ್ ತಮ್ಮ 1962ರ ಮೊದಲ ಆಲ್ಬಮ್ಮಿನಲ್ಲಿ ಹಾಡಿದರು. ಆನಿಮಲ್ಸ್ ತಂಡದ ಹಿಲ್ಟನ್ ವ್ಯಾಲೆಂಟೈನ್ ತಮ್ಮ ಗಿಟಾರ್ ವಾದನಕ್ಕೆ ಡಿಲನ್ ರೂಪವನ್ನೇ ಆಧರಿಸಿದರು.

ಪಠ್ಯದ ದೃಷ್ಟಿಯಿಂದಲೂ ಒಂದು ಅಂಶ ಗಮನಾರ್ಹ. ಟರ್ನರ್ ಮತ್ತು ಡಿಲನ್ ಪಾಠಗಳಲ್ಲಿ ಕೆಟ್ಟ ಮನೆಯೊಂದರಲ್ಲಿ ಬಾಳು ಹಾಳಾದ ಹೆಣ್ಣು ಮಾತನಾಡುತ್ತಾಳೆ. ಆನಿಮಲ್ಸ್ ಪಾಠದಲ್ಲಿ ಆ ದನಿ ಗಂಡಿನದು. ಇದನ್ನು ವ್ಯಾಪಾರಕ್ಕಾಗಿ ಮಾಡಿದ ವಿಕೃತಿಯೆಂದು ಕರೆಯುವುದು ಅವಸರದ ತೀರ್ಮಾನವಾದೀತು. ಆ್ಯಶ್ಲಿಯ ಪಾಠದಲ್ಲಿಯೂ ಹಾಡುವವನು ಗಂಡೇ. ಪರಂಪರೆಯೊಳಗೆ ಇದ್ದ ಎರಡು ಸಾಧ್ಯತೆಗಳಲ್ಲಿ ತಂಡವು ಒಂದನ್ನು ಎತ್ತಿಕೊಂಡಿತಷ್ಟೆ. ಈ ಅರ್ಥದಲ್ಲಿ ರಾಕ್ ಗೀತೆಯ ರಚನೆಯೂ ಮೌಖಿಕ ಪರಂಪರೆಯ ಮರುಸೃಷ್ಟಿಯ ಕ್ರಮವನ್ನೇ ಅನುಸರಿಸಿದೆ.

ಕ್ರಮ ಒಂದೇ ಆದರೂ ಫಲದ ಹಂಚಿಕೆ ಬೇರೆ. ತಟ್ಟೆಯ ಮೇಲೆ ‘ಸಾಂಪ್ರದಾಯಿಕ’ ಎಂಬ ಪದದ ಜೊತೆಗೆ ಸಂಯೋಜಕನಾಗಿ ಆರ್ಗನ್ ವಾದಕ ಆ್ಯಲನ್ ಪ್ರೈಸ್ ಹೆಸರೊಂದೇ ಅಚ್ಚಾಯಿತು. ಐವರ ಹೆಸರಿಗೆ ಅಲ್ಲಿ ಜಾಗವಿರಲಿಲ್ಲವೆಂಬ ವಿವರಣೆ ಪ್ರಚಲಿತವಾಗಿದೆ. ಪ್ರೈಸ್ ಅವರ ವಾದನ ನಿಸ್ಸಂದೇಹವಾಗಿ ಮಹತ್ವದ್ದು. ಆದರೆ ವ್ಯಾಲೆಂಟೈನ್ ಬಿಡಿಬಿಡಿಯಾಗಿ ಮೀಟಿದ ತಂತಿಯ ನಾದ, ಎರಿಕ್ ಬರ್ಡನ್ ಕಂಠ, ಚಾಸ್ ಚಾಂಡ್ಲರ್ ಮತ್ತು ಜಾನ್ ಸ್ಟೀಲ್ ಅವರ ಲಯ ಇವಿಲ್ಲದೆ ಆ ಹಾಡಿಲ್ಲ. ಸಾಮೂಹಿಕ ಸೃಷ್ಟಿಯ ಸಂಭಾವನೆ ಒಬ್ಬರ ಪಾಲಾಯಿತು. 1941ರ ಸಂಕಲನ ಹೆಸರಿಸಿದ್ದ ಟರ್ನರ್ ‘ಸಾಂಪ್ರದಾಯಿಕ’ ಎಂಬ ಪದದಲ್ಲಿ ಮರೆಯಾದರು.

ಹಾಗೆಂದು ಟರ್ನರ್ ಅವರನ್ನೇ ಏಕೈಕ ಕರ್ತೃವಾಗಿಸುವುದೂ ಸರಿಯಲ್ಲ. ಅದು ಒಂದು ಒಡೆತನದ ಬದಲು ಇನ್ನೊಂದನ್ನು ಸ್ಥಾಪಿಸಿದಂತೆ. ಆಗಬೇಕಾದುದು ಹಾಡು ಹಾದುಬಂದ ಕೈಗಳ ಸರಣಿಯನ್ನು ಹೆಸರು, ಊರು, ವರ್ಷಗಳೊಡನೆ ದಾಖಲಿಸುವ ಕೆಲಸ. ಧ್ವನಿಸುರುಳಿ, ಸಿನಿಮಾಗಳ ಮೂಲಕ ಪ್ರಚಾರಕ್ಕೆ ಬಂದ ಹಾಡುಗಳಿಗೆ ‘ಜಾನಪದ’ ಎಂಬ ಒಂದೇ ಪದ ಹಚ್ಚಿ ಸುಮ್ಮನಾಗುವ ರೂಢಿ ಕನ್ನಡದಲ್ಲಿಯೂ ಇದೆ. ಕರ್ತೃವಿಲ್ಲ ಎಂಬ ನಮ್ಮ ಸಿದ್ಧಾಂತವು ಹಾಡುಗಾರ್ತಿಯೇ ಇಲ್ಲ ಎಂಬ ಅರ್ಥ ಕೊಡದಂತೆ ನೋಡಿಕೊಳ್ಳುವುದು ಸಂಗ್ರಾಹಕರ ಹೊಣೆ.