ಬೆಳೆದ ಮರವೂ ಬಲಿತ ಮರವೂ

ಬೆಳೆಯುವುದು, ಬಲಿಯುವುದು ಎಂಬ ಎರಡು ಕ್ರಿಯಾಪದಗಳನ್ನು ನಮ್ಮ ಭಾಷೆಯು ಬೇರೆಬೇರೆಯಾಗಿ ಇಟ್ಟುಕೊಂಡಿರುವುದು ನಿಷ್ಕಾರಣವಲ್ಲ. ಮೊದಲನೆಯದು ಗಾತ್ರವನ್ನು ಸೂಚಿಸುವುದು, ಎರಡನೆಯದು ಗುಣವನ್ನು. ನೆಟ್ಟು ಬೆಳೆಸಿದ ತೇಗವನ್ನು ಕುರಿತು ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಬೇಗ ಬೆಳೆದ ಮರವೆಲ್ಲವೂ ಮೆದು ಎಂಬುದು ಒಂದು. ಗಾತ್ರ ಬಂದಮೇಲೆ ವಯಸ್ಸನ್ನು ಎಣಿಸಬೇಕಾಗಿಲ್ಲವೆಂಬುದು ಇನ್ನೊಂದು. ಇವು ಪರಸ್ಪರ ವಿರುದ್ಧವಾಗಿ ತೋರಿದರೂ ಇವುಗಳ ದೋಷವು ಒಂದೇ: ಬೆಳವಣಿಗೆಯನ್ನೂ ಬಲಿಯುವಿಕೆಯನ್ನೂ ಬೆರೆಸಿಬಿಟ್ಟಿರುವುದು.

ಮೊದಲನೆಯ ಅಭಿಪ್ರಾಯಕ್ಕೆ ಪೈನ್ ಜಾತಿಯ ಮರಗಳಲ್ಲಿ ಆಧಾರವುಂಟು. ಅವುಗಳ ವಾರ್ಷಿಕ ಬಳೆಯು ಅಗಲವಾದಂತೆ, ವರ್ಷಾರಂಭದಲ್ಲಿ ಕಟ್ಟುವ ಹಗುರವಾದ ಭಾಗವು ಹೆಚ್ಚುವುದುಂಟು. ತೇಗದ ರಚನೆಯೇ ಬೇರೆ. ಅದರ ಬಳೆಯ ಮೊದಲಲ್ಲಿ ದೊಡ್ಡ ರಂಧ್ರಗಳ ಸಾಲು; ಅದರ ಆಚೆಗೆ ದಟ್ಟವಾದ ನಾರು. ಬೆಳವಣಿಗೆಯು ಚುರುಕಾದಾಗ ರಂಧ್ರಗಳ ಸಾಲು ಅಷ್ಟಾಗಿ ಅಗಲಿಸದೆ ನಾರಿನ ಭಾಗವೇ ವಿಸ್ತರಿಸುವುದು ಇಂಥ ಮರಗಳ ಸಾಮಾನ್ಯ ಧರ್ಮ. ಆದಕಾರಣ ಬಳೆಯ ಅಗಲವೊಂದನ್ನೇ ನೋಡಿ ತೇಗವನ್ನು ದುರ್ಬಲವೆನ್ನಲಾಗದು. ಕೇರಳದ ಪೀಚಿಯಲ್ಲಿರುವ ಅರಣ್ಯ ಸಂಶೋಧನ ಸಂಸ್ಥೆಯ ಪರೀಕ್ಷೆಗಳೂ ಈ ಮಾತನ್ನು ಪುಷ್ಟಿಗೊಳಿಸಿವೆ.

ಹಾಗೆಂದು ಎರಡನೆಯ ಅಭಿಪ್ರಾಯವನ್ನು ಒಪ್ಪುವಂತಿಲ್ಲ. ತಿರುಳಿನ ಸುತ್ತ ಸುಮಾರು ಮೊದಲ 15ರಿಂದ 25 ವರ್ಷಗಳವರೆಗೆ ಕಟ್ಟುವ ಮರವು ಎಳೆಯದು. ಅದರ ನಾರು ಗಿಡ್ಡ. ಒಣಗುವಾಗ ಸೊಟ್ಟಗಾಗುವ ಸ್ವಭಾವವೂ ಹೆಚ್ಚು. ಗೆದ್ದಲನ್ನೂ ಕೊಳೆಯನ್ನೂ ತಡೆಯುವ ದ್ರವ್ಯಗಳು ಸೇರುವುದು ಕೆಚ್ಚಿನಲ್ಲಿ. ಎಳೆಯ ಮರದಲ್ಲಾದರೋ ಆ ಶಕ್ತಿಯಿಲ್ಲದ ಹೊರಗಿನ ಬಿಳಿಯ ಭಾಗವೇ ಬಹಳ. ಗ್ರಂಥದ ಸಾರವನ್ನು ತಿರುಳೆಂದೂ ಎದೆಗಾರಿಕೆಯನ್ನು ಕೆಚ್ಚೆಂದೂ ಕರೆಯುವ ನಾವು ಎರಡು ಮಾತುಗಳನ್ನೂ ಹೊಗಳಿಕೆಗೇ ಬಳಸುತ್ತೇವೆ. ಬಡಗಿಗೆ ಅವೆರಡೂ ಸಮಾನವಲ್ಲ: ತಿರುಳು ಅವನು ತೆಗೆದುಹಾಕುವ ಭಾಗ, ಕೆಚ್ಚು ಅವನು ಆರಿಸಿಕೊಳ್ಳುವ ಭಾಗ.

ಈ ವಿವೇಚನೆಯು ಕೇವಲ ಶಬ್ದಚರ್ಚೆಯಲ್ಲ. 1990ರ ದಶಕದಲ್ಲಿ ಹಲವು ತೋಟದ ಕಂಪನಿಗಳು ತೇಗವು ಶೀಘ್ರವಾಗಿ ಬೆಳೆಯುವುದೆಂದು ಹೇಳಿ, ಅಪಾರವಾದ ಲಾಭದ ಆಸೆ ತೋರಿಸಿ ಜನರಿಂದ ಹಣ ಹೂಡಿಸಿದುವು. ಅಲ್ಲಿ ಬೆಲೆಯನ್ನು ಎಣಿಸಿದ್ದು ಬಲಿತ ತೇಗಕ್ಕೆ. ಅವಧಿಯನ್ನು ಎಣಿಸಿದ್ದು ಎಳೆಯ ತೇಗಕ್ಕೆ. ಇತ್ತ ವೇಗವನ್ನೇ ದೋಷವೆಂದು ನಂಬಿದ ರೈತನು ಸಸಿಗಳನ್ನು ಒತ್ತಾಗಿಯೇ ಬಿಟ್ಟರೆ ಅವನಿಗೂ ನಷ್ಟವೇ. ಒಳ್ಳೆಯ ನೆಲದಲ್ಲಿ, ತಕ್ಕ ಅಂತರದಲ್ಲಿ ಬೆಳೆದ ಮರವು ಅದೇ ವಯಸ್ಸಿನ ಸೊರಗಿದ ಮರಕ್ಕಿಂತ ಹೆಚ್ಚು ಕೆಚ್ಚನ್ನು ಕೊಡಬಲ್ಲುದು.

ನೆಟ್ಟ ಮರವು ಬಲಿಯಲಾರದೆಂಬ ಸಂದೇಹಕ್ಕೆ ನಿಲಂಬೂರು ಉತ್ತರ ಹೇಳುತ್ತದೆ. ಮಲಬಾರಿನ ಕಲೆಕ್ಟರಾಗಿದ್ದ ಕಾನೊಲಿಯವರ ಪ್ರಯತ್ನದಿಂದ 1840ರ ದಶಕದಲ್ಲಿ ಆರಂಭವಾದ ಆ ತೋಪಿನ ಒಂದು ಭಾಗವು ಇಂದಿಗೂ ನಿಂತಿದೆ. ನಮ್ಮ ಅರಣ್ಯ ಇಲಾಖೆಗಳು ತೇಗಕ್ಕೆ 50ರಿಂದ 80 ವರ್ಷಗಳ ಅವಧಿಯನ್ನು ಇಟ್ಟುಕೊಂಡು ಬಂದುದಕ್ಕೂ ಅರ್ಥವಿದೆ. ಆದುದರಿಂದ ಮರಮುಟ್ಟನ್ನು ಕುರಿತು ಬರೆಯುವವರು ಎಷ್ಟು ಬೆಳೆದಿದೆ ಎಂಬ ಪ್ರಶ್ನೆಯೊಡನೆ ಎಷ್ಟು ಬಲಿತಿದೆ ಎಂಬುದನ್ನೂ ಬೇರೆಯಾಗಿ ಕೇಳತಕ್ಕದ್ದು. ಬೆಳವಣಿಗೆಯನ್ನು ನೆಲವೂ ಆರೈಕೆಯೂ ತ್ವರೆಗೊಳಿಸಬಲ್ಲುವು. ಬಲಿಯುವುದಕ್ಕೆ ಕಾಲವನ್ನು ಕೊಟ್ಟೇ ತೀರಬೇಕು.