ಸರ್ವಾನುಮತದಿಂದ ಅಂಗೀಕರಿಸಲಾಯಿತು

ಕನ್ನಡದಲ್ಲಿ ಯಾವ ವಿಮರ್ಶಕರೂ ಕೈ ಹಾಕದ ಗದ್ಯಪ್ರಕಾರ ಒಂದಿದೆ. ಅದು ಸಂಘ-ಸಂಸ್ಥೆಗಳ ನಡಾವಳಿ ಪುಸ್ತಕ. ದಪ್ಪ ರಟ್ಟಿನ ರಿಜಿಸ್ಟರು, ನೀಲಿ ಶಾಯಿ, ಕೊನೆಯಲ್ಲಿ ಸಾಲಾಗಿ ಸಹಿಗಳು. ಒಂದು ಕನ್ನಡ ಸಂಘ, ಒಂದು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ, ಒಂದು ಅಪಾರ್ಟ್‌ಮೆಂಟ್ ಅಸೋಸಿಯೇಷನ್, ಒಂದು ಹಳೆ ವಿದ್ಯಾರ್ಥಿಗಳ ಸಂಘ, ಹೀಗೆ ನಾಲ್ಕು ಕಡೆ ಸದಸ್ಯನಾಗಿ ಈ ಪುಸ್ತಕಗಳನ್ನ ಒಂದಷ್ಟು ಓದಿದ್ದೇನೆ. ಜನ ಬೇರೆ, ಉದ್ದೇಶ ಬೇರೆ, ಶೈಲಿ ಮಾತ್ರ ಒಂದೇ. ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸಲಾಯಿತು. ಲೆಕ್ಕಪತ್ರಗಳನ್ನು ಮಂಡಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು. ಹಾಲಿ ಪದಾಧಿಕಾರಿಗಳನ್ನೇ ಮುಂದಿನ ಅವಧಿಗೂ ಅವಿರೋಧವಾಗಿ ಆಯ್ಕೆ ಮಾಡಲಾಯಿತು. ವಂದನಾರ್ಪಣೆಯೊಂದಿಗೆ ಸಭೆ ಮುಕ್ತಾಯಗೊಳಿಸಲಾಯಿತು.

ಈ 'ಲಾಯಿತು'ಗಳನ್ನ ಸ್ವಲ್ಪ ನೋಡಿ. ಯಾರು ಓದಿದರು? ಯಾರು ಅಂಗೀಕರಿಸಿದರು? ಕರ್ತೃವೇ ಇಲ್ಲ. ಮಾತಿನಲ್ಲಿ ನಾವು ಹೀಗೆ ಹೇಳೋದೇ ಇಲ್ಲ. 'ಕಾಫಿ ಕುಡಿಯಲಾಯಿತು' ಅಂತ ಮನೆಯಲ್ಲಿ ಯಾರಾದರೂ ಅಂದರೆ ನಗ್ತೀವಿ. ಆದರೆ ನಾಲ್ಕು ಜನ ಸೇರಿ ಒಂದು ಸಂಘ ಕಟ್ಟಿದ ತಕ್ಷಣ ವಾಕ್ಯದಿಂದ ಮನುಷ್ಯ ಮಾಯವಾಗ್ತಾನೆ. ಇದು ಬರೀ ಆಫೀಸು ಭಾಷೆಯ ಚಾಳಿ ಅಂತ ನನಗನ್ನಿಸೋಲ್ಲ. ಆ ಸಭೆಯಲ್ಲಿ ನಿಜಕ್ಕೂ ಯಾರೂ ಏನನ್ನೂ ತೀರ್ಮಾನಿಸಿರುವುದಿಲ್ಲ. ಆ ಮಟ್ಟಿಗೆ ನಡಾವಳಿ ಸತ್ಯವನ್ನೇ ಹೇಳ್ತಿದೆ.

ನನ್ನ ತಕರಾರು ಮುಖ್ಯವಾಗಿ 'ಅವಿರೋಧ' ಅನ್ನೋ ಪದದ ಬಗ್ಗೆ. ಪತ್ರಿಕೆಗಳ ಜಿಲ್ಲಾ ಪುಟ ತೆಗೆದರೆ ಹಾರ ಹಾಕಿಕೊಂಡ ಫೋಟೋ ಜೊತೆ 'ಅಧ್ಯಕ್ಷರಾಗಿ ಅವಿರೋಧ ಆಯ್ಕೆ' ಅಂತ ಸುದ್ದಿ ಇದ್ದೇ ಇರುತ್ತೆ. ಅದನ್ನ ನಾವು ಒಗ್ಗಟ್ಟಿನ ಗುರುತು ಅಂತ ಓದ್ತೀವಿ. ಚುನಾವಣೆ ನಡೆದರೆ 'ಸಂಘದಲ್ಲಿ ಒಡಕು' ಅಂತೀವಿ. ನನಗೆ ಇದು ತಿರುಗುಮುರುಗು ಅನ್ನಿಸುತ್ತೆ. ಮುನ್ನೂರು ಸದಸ್ಯರಿರುವ ಕಡೆ ಒಂದು ಹುದ್ದೆಗೆ ಎರಡನೆಯ ಹೆಸರು ಬರಲಿಲ್ಲ ಅಂದರೆ ಒಂದೋ ಜನರಿಗೆ ಆಸಕ್ತಿ ಹೋಗಿದೆ, ಇಲ್ಲವೇ ಧೈರ್ಯ ಹೋಗಿದೆ. ಎರಡರಲ್ಲಿ ಯಾವುದಕ್ಕೂ ಹಾರ ಹಾಕಬೇಕಾಗಿಲ್ಲ.

ಅವಿರೋಧದ ಪರವಾಗಿಯೂ ವಾದ ಇದೆ, ಅದು ಹುರುಳಿಲ್ಲದ್ದೇನಲ್ಲ. ಚುನಾವಣೆ ಅಂದರೆ ಪ್ಯಾನಲ್ಲು, ಪ್ಯಾನಲ್ಲು ಅಂದರೆ ಜಾತಿ, ಊಟ, ಖರ್ಚು, ಆಮೇಲೆ ಮೂರು ವರ್ಷ ಮುಖ ನೋಡದಿರುವುದು. ಸಣ್ಣ ಸಂಘ ಇಷ್ಟನ್ನೆಲ್ಲ ತಡೆದುಕೊಳ್ಳೋದಿಲ್ಲ. ಸರಿಯೇ. ಆದರೆ ಜಗಳ ಬೇಡ ಅಂತ ನಾವು ಕೊಡ್ತಿರುವ ಬೆಲೆ ಎಷ್ಟು ಅಂತ ಯಾರೂ ಲೆಕ್ಕ ಹಾಕಿಲ್ಲ.

ನಾನು ಹತ್ತಿರದಿಂದ ಕಂಡ ಒಂದು ಸಂಘದ ಕತೆ ಹೇಳ್ತೀನಿ. ನಿವೃತ್ತ ಮೇಷ್ಟ್ರೊಬ್ಬರು ಹದಿನಾಲ್ಕು ವರ್ಷ ಅದರ ಅಧ್ಯಕ್ಷರು. ಒಂದು ರೂಪಾಯಿ ಮುಟ್ಟಿದವರಲ್ಲ, ಬದಲಿಗೆ ಕೈಯಿಂದ ಹಾಕಿದವರು. ಪ್ರತಿ ಸಲವೂ 'ಮೇಷ್ಟ್ರು ಇರುವಾಗ ಇನ್ಯಾರು ಸಾರ್' ಅಂತ ಒಬ್ಬರು ಎದ್ದು ಹೇಳೋರು, ಚಪ್ಪಾಳೆ ಬೀಳೋದು, ಕೇಸರಿಬಾತು ಬರೋದು. ಒಂದು ವರ್ಷ ಜೂನ್‌ನಲ್ಲಿ ಮೇಷ್ಟ್ರು ಆಸ್ಪತ್ರೆ ಸೇರಿದರು. ಚೆಕ್ಕಿಗೆ ಅವರ ಸಹಿ ಬೇಕೇ ಬೇಕು. ಠೇವಣಿ ರಸೀದಿಗಳು ಅವರ ಮನೆಯ ಬೀರುವಿನಲ್ಲಿ. ಯಾವ ಮಗುವಿಗೆ ಎಷ್ಟು ವಿದ್ಯಾರ್ಥಿವೇತನ ಅನ್ನೋದು ಅವರ ತಲೆಯಲ್ಲಿ. ಶಾಲೆ ಶುರುವಾಗಿ ಮೂರು ತಿಂಗಳಾದರೂ ಮಕ್ಕಳಿಗೆ ಫೀಸಿನ ದುಡ್ಡು ಹೋಗಲಿಲ್ಲ. ಬ್ಯಾಂಕಿನಲ್ಲಿ ಹಣ ಇತ್ತು, ಸಂಘದಲ್ಲಿ ಇನ್ನೂರಕ್ಕೂ ಹೆಚ್ಚು ಸದಸ್ಯರಿದ್ದರು. ತೆಗೆದುಕೊಡುವವರು ಒಬ್ಬರೂ ಇರಲಿಲ್ಲ. ಇದರಲ್ಲಿ ಕಳ್ಳರು ಯಾರೂ ಇಲ್ಲ ಅನ್ನೋದನ್ನ ಗಮನಿಸಿ. ಸಂಘ ಕೆಡೋದಕ್ಕೆ ಕೆಟ್ಟವರೇ ಬೇಕು ಅಂತೇನಿಲ್ಲ. ಒಬ್ಬರು ಒಳ್ಳೆಯವರನ್ನ ಬಹಳ ಕಾಲ ಒಂಟಿಯಾಗಿ ಕೂರಿಸಿದರೂ ಸಾಕು.

ಇದನ್ನ ನೂರು ವರ್ಷಕ್ಕೂ ಹಿಂದೆಯೇ ಒಬ್ಬರು ವಿವರಿಸಿದ್ದರು. ಜರ್ಮನಿಯಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ರಾಬರ್ಟ್ ಮಿಖೆಲ್ಸ್, 1911ರಲ್ಲಿ. ಅವರು ಆರಿಸಿಕೊಂಡದ್ದು ಸರ್ವಾಧಿಕಾರಿಗಳ ಪಕ್ಷವನ್ನಲ್ಲ, ಸಮಾನತೆಯನ್ನೇ ಉಸಿರಾಡುತ್ತಿದ್ದ ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷವನ್ನ. ಅಂಥ ಕಡೆಯೂ ಅಧಿಕಾರ ಕೆಲವರ ಕೈಯಲ್ಲೇ ನಿಲ್ಲುತ್ತೆ ಅಂತ ಅವರು ತೋರಿಸಿದರು. ಕೆಲಸ ಮಾಡುವವನಿಗೆ ಒಳಮಾಹಿತಿ ಗೊತ್ತಾಗುತ್ತೆ, ಮಾಹಿತಿ ಇದ್ದವನು ಅನಿವಾರ್ಯನಾಗ್ತಾನೆ, ಉಳಿದವರು ಕೃತಜ್ಞತೆಯಿಂದ ಸುಮ್ಮನಾಗ್ತಾರೆ. ಈ ಕೃತಜ್ಞತೆ ಅನ್ನೋದು ನಮ್ಮಲ್ಲಿ ಇನ್ನೂ ಗಟ್ಟಿ. 'ಇಷ್ಟು ವರ್ಷ ದುಡಿದಿದಾರೆ, ಅವರನ್ನ ಹೇಗೆ ಲೆಕ್ಕ ಕೇಳೋದು' ಅಂತ ಹಿಂಜರೀತೀವಿ. ಲೆಕ್ಕ ಕೇಳೋದನ್ನ ಅವಮಾನ ಅಂತ ತಿಳಿದಿರುವ ಸಮಾಜದಲ್ಲಿ ಖಜಾಂಚಿ ಆಗೋದಕ್ಕೂ ಪ್ರಾಮಾಣಿಕರು ಹೆದರಬೇಕಾಗುತ್ತೆ. ಕೇಳದೆ ಉಳಿದ ಪ್ರಶ್ನೆ ಸುಮ್ಮನಿರೋದಿಲ್ಲ, ಗುಸುಗುಸು ಆಗುತ್ತೆ.

ದೊಡ್ಡ ಮಟ್ಟದಲ್ಲಿ ಇದು ಹೇಗಿರುತ್ತೆ ಅಂತ ನೋಡಬೇಕಾದರೆ ಬಿಸಿಸಿಐ ಇದೆ. ಅದನ್ನ ನಾವು ಸರ್ಕಾರಿ ಇಲಾಖೆಯೋ ಕಂಪನಿಯೋ ಅಂದ್ಕೊಂಡಿರ್ತೀವಿ. ಅದು ತಮಿಳುನಾಡಿನ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಒಂದು ಸಂಘ. ಕಾನೂನಿನ ಕಣ್ಣಲ್ಲಿ ನಿಮ್ಮ ಲೇಔಟಿನ ಸಂಘದ ದೊಡ್ಡಣ್ಣ, ಅಷ್ಟೆ. ರಾಜ್ಯ ಸಂಸ್ಥೆಗಳೇ ಅದರ ಸದಸ್ಯರು. ಅಲ್ಲೂ ಅದೇ ಮುಖಗಳು ದಶಕಗಟ್ಟಲೆ ಹುದ್ದೆಯಿಂದ ಹುದ್ದೆಗೆ ಓಡಾಡುತ್ತಿದ್ದವು. 2013ರ ಐಪಿಎಲ್ ಬೆಟ್ಟಿಂಗ್ ಹಗರಣ ಬಂದಾಗ ಒಳಗಿನಿಂದ ಪ್ರಶ್ನೆ ಕೇಳಿದವರು ಕೆಲವರೇ. ಕೊನೆಗೆ ಸುಪ್ರೀಂ ಕೋರ್ಟ್ 2015ರ ಜನವರಿಯಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಸಮಿತಿ ನೇಮಿಸಿತು. ಮುಂದಿನ ವರ್ಷ ಅವರ ವರದಿ ಬಂತು. ಒಂದು ಅವಧಿಗೆ ಮೂರು ವರ್ಷ, ಅವಧಿ ಮುಗಿದ ಮೇಲೆ ಕಡ್ಡಾಯ ವಿರಾಮ, ಎಪ್ಪತ್ತು ದಾಟಿದವರಿಗೆ ಹುದ್ದೆ ಇಲ್ಲ.

ಇದರಲ್ಲಿ ಕ್ರಾಂತಿಕಾರಿ ಅನ್ನುವಂಥದ್ದೇನಿದೆ ಹೇಳಿ? ಆದರೂ ಮಂಡಳಿ ಒಪ್ಪದೆ ಎಳೆದಾಡಿತು. 2017ರ ಜನವರಿಯಲ್ಲಿ ಕೋರ್ಟು ನಾಲ್ವರ ಆಡಳಿತಗಾರರ ಸಮಿತಿಯನ್ನೇ ಕೂರಿಸಬೇಕಾಯಿತು. ವಿನೋದ್ ರಾಯ್ ಅದರ ಮುಖ್ಯಸ್ಥರು. ನಮ್ಮ ಬೆಂಗಳೂರಿನ ರಾಮಚಂದ್ರ ಗುಹಾ ಒಬ್ಬ ಸದಸ್ಯರಾಗಿದ್ದರು, ಕೆಲವೇ ತಿಂಗಳಲ್ಲಿ ಹಿತಾಸಕ್ತಿ ಸಂಘರ್ಷದ ಪ್ರಶ್ನೆಗಳನ್ನೆತ್ತಿ ಹೊರಬಂದರು. ಆ ಸಮಿತಿಯ ಆಡಳಿತ 2019ರ ಅಕ್ಟೋಬರ್‌ವರೆಗೂ ಎಳೆಯಿತು. ಅಷ್ಟರಲ್ಲಿ, 2018ರಲ್ಲೇ, ವಿರಾಮದ ನಿಯಮವನ್ನ ಕೋರ್ಟು ಸಡಿಲಿಸಿ, ಸತತ ಎರಡು ಅವಧಿಯ ನಂತರ ಅಂತ ಮಾಡಿತ್ತು. 2022ರಲ್ಲಿ ಇನ್ನೂ ಸಡಿಲವಾಯಿತು. ರಾಜ್ಯ ಸಂಸ್ಥೆಯಲ್ಲಿ ಆರು, ಬಿಸಿಸಿಐಯಲ್ಲಿ ಆರು, ಒಟ್ಟು ಹನ್ನೆರಡು ವರ್ಷ ಸತತವಾಗಿ ಇರಬಹುದು ಅಂತಾಯಿತು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು ಇನ್ನೊಂದು ಸಂಗತಿ. ಇಷ್ಟೆಲ್ಲ ಆದ ಮೇಲೆ 2019ರಲ್ಲಿ ಸೌರವ್ ಗಂಗೂಲಿ ಅಧ್ಯಕ್ಷರಾದರು, ಅವಿರೋಧವಾಗಿ. 2022ರಲ್ಲಿ ಬೆಂಗಳೂರಿನವರೇ ಆದ ರೋಜರ್ ಬಿನ್ನಿ ಅಧ್ಯಕ್ಷರಾದರು, ಅದೂ ಅವಿರೋಧವಾಗಿ. ಇಬ್ಬರೂ ದೊಡ್ಡ ಆಟಗಾರರು, ಅವರ ಅರ್ಹತೆಯ ಬಗ್ಗೆ ನನ್ನ ಮಾತಿಲ್ಲ. ಆದರೆ ದೇಶದ ಅತ್ಯುನ್ನತ ನ್ಯಾಯಾಲಯ ವರ್ಷಗಟ್ಟಲೆ ಬೆವರು ಸುರಿಸಿದರೂ ಮತಪೆಟ್ಟಿಗೆಗೆ ಎರಡನೇ ಹೆಸರು ತರೋಕೆ ಆಗಲಿಲ್ಲ. ಹಳಬರನ್ನ ಇಳಿಸೋ ಶಕ್ತಿ ನಿಯಮಕ್ಕಿದೆ, ಹೊಸಬರನ್ನ ನಿಲ್ಲಿಸೋ ಶಕ್ತಿ ಇಲ್ಲ. ಆ ಕೆಲಸ ಸದಸ್ಯರದ್ದು. ಲೋಧಾ ವರದಿಯನ್ನ ಹೊಗಳುವವರೂ ತೆಗಳುವವರೂ ಇದನ್ನ ಬಿಟ್ಟು ಮಾತಾಡ್ತಾರೆ.

ಹಾಗಾದರೆ ಸದಸ್ಯರು ಯಾಕೆ ನಿಲ್ಲಲ್ಲ? ಕಮಿಟಿಯವರನ್ನ ಕೇಳಿ, ಒಂದೇ ಉತ್ತರ: 'ಯಾರೂ ಮುಂದೆ ಬರಲ್ಲ ಸಾರ್. ಹೇಳ್ತೀರಲ್ಲ, ನೀವೇ ಬನ್ನಿ ನೋಡೋಣ.' ಈ ಮಾತಿಗೆ ನಮ್ಮಂಥ ಐಟಿ-ಬ್ಯಾಂಕು ಜನ ಬಾಯಿ ಮುಚ್ಚಿಕೊಳ್ತೀವಿ. ಬೆಳಗ್ಗೆ ಸ್ಟ್ಯಾಂಡಪ್ಪು, ರಾತ್ರಿ ಅಮೆರಿಕದವರ ಕಾಲು, ನಡುವೆ ಟ್ರಾಫಿಕ್ಕು. ಇದರ ಮಧ್ಯೆ ಸಂಘದ ಅಧ್ಯಕ್ಷಗಿರಿ ಯಾರಿಗೆ ಬೇಕು? ಆದರೆ ಉತ್ತರದೊಳಗೇ ಮೋಸ ಇದೆ. ವರ್ಷಗಟ್ಟಲೆ ಒಬ್ಬರೇ ಮಾಡಿದ ಕೆಲಸ ಅವರ ಮೈಗೆ ಹೊಲಿಸಿದ ಅಂಗಿ ಆಗಿಬಿಟ್ಟಿರುತ್ತೆ. ಪ್ಲಂಬರ್ ನಂಬರಿನಿಂದ ಹಿಡಿದು ರಿಜಿಸ್ಟ್ರಾರ್ ಆಫೀಸಿನ ಗುಮಾಸ್ತರವರೆಗೆ ಎಲ್ಲ ಅವರ ಫೋನಲ್ಲಿ. ಆ ಅಂಗಿ ಬೇರೆ ಯಾರಿಗೂ ಹಿಡಿಸೋಲ್ಲ. ಆಮೇಲೆ 'ಯಾರೂ ಬರಲ್ಲ' ಅಂದರೆ ಹೇಗೆ? ಹುದ್ದೆಯನ್ನ ಚಿಕ್ಕದು ಮಾಡಿ, ವಾರಕ್ಕೆ ಎರಡು ಗಂಟೆಯ ಕೆಲಸ ಮಾಡಿ, ಆಗ ಜನ ಬರ್ತಾರೋ ಇಲ್ವೋ ನೋಡೋಣ.

ನಾಯಕತ್ವದ ಬಗ್ಗೆ ನಮ್ಮ ಆಫೀಸುಗಳಲ್ಲಿ ನಡೆಯೋ ತರಬೇತಿಯಲ್ಲೆಲ್ಲ ಹೇಗೆ ಮೇಲೇರಬೇಕು ಅಂತ ಕಲಿಸ್ತಾರೆ. ಹೇಗೆ ಇಳಿಯಬೇಕು ಅಂತ ಯಾರೂ ಕಲಿಸಲ್ಲ. ಅನಿಲ್ ಕುಂಬ್ಳೆ 2010ರಲ್ಲಿ ಚುನಾವಣೆ ಗೆದ್ದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು, ಜಾವಗಲ್ ಶ್ರೀನಾಥ್ ಕಾರ್ಯದರ್ಶಿ. 2013ರಲ್ಲಿ ಕುಂಬ್ಳೆ ಮತ್ತೆ ನಿಲ್ಲಲಿಲ್ಲ. ಅವರ ಮೂರು ವರ್ಷದ ಆಡಳಿತದ ಬಗ್ಗೆ ಹೊಗಳಿಕೆ-ಟೀಕೆ ಎರಡೂ ಇರಬಹುದು. ಆದರೆ ಒಂದು ಅವಧಿಗೆ ಬಂದು ಎದ್ದು ಹೋಗಬಹುದು, ಹೋದರೆ ಸಂಸ್ಥೆ ಮುಳುಗಲ್ಲ ಅನ್ನೋದಕ್ಕೆ ಅದೊಂದು ಉದಾಹರಣೆ.

ಕಾನೂನು ನಮ್ಮ ಕೈಗೆ ಸಾಕಷ್ಟು ಕೊಟ್ಟಿದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯಲೇಬೇಕು, ಅಲ್ಲಿ ಲೆಕ್ಕಪತ್ರ ಇಡಬೇಕು. ಮೂರನೇ ಒಂದರಷ್ಟು ಸದಸ್ಯರು ಅರ್ಜಿ ಕೊಟ್ಟರೆ ರಿಜಿಸ್ಟ್ರಾರ್ ವಿಚಾರಣೆ ನಡೆಸಬೇಕು. ಆದರೆ ಆ ಬಾಗಿಲು ಕೊನೆಯದ್ದು. ಸಂಘದ ಜಗಳ ಸರ್ಕಾರಿ ಕಚೇರಿಗೆ ಹೋಯಿತು ಅಂದರೆ ಅದು ಯಾವಾಗ ವಾಪಸ್ ಬರುತ್ತೋ ಹೇಳಲಾಗಲ್ಲ. ಬಿಸಿಸಿಐಯಂಥವರಿಗೇ ಸುಮಾರು ಮೂರು ವರ್ಷ ಹಿಡಿಯಿತು.

ಅದಕ್ಕೂ ಮೊದಲು ಮಾಡಬಹುದಾದದ್ದು ಸಣ್ಣದು. ಬೈಲಾದ ಪ್ರತಿ ಕೇಳಿ ಓದಿ, ಬಹಳ ಕಡೆ ಅದು ಇಪ್ಪತ್ತು ಪುಟವೂ ಇರಲ್ಲ. ಅಧ್ಯಕ್ಷರು ಎಷ್ಟು ಅವಧಿ ಇರಬಹುದು ಅಂತ ಅದರಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ತಿದ್ದುಪಡಿಗೆ ಪತ್ರ ಬರೆಯಿರಿ. ಬ್ಯಾಂಕ್ ಸಹಿ ಇಬ್ಬರದ್ದಿರಲಿ, ಒಬ್ಬರಿಗೆ ಆಗದಿದ್ದಾಗ ಸಹಿ ಹಾಕೋಕೆ ಮೂರನೆಯವರೂ ಇರಲಿ. ಲೆಕ್ಕಪತ್ರ ಸಭೆಗೆ ಒಂದು ವಾರ ಮೊದಲೇ ಕೈಗೆ ಬರಲಿ, ಕೇಸರಿಬಾತಿನ ಪ್ಲೇಟಿನ ಜೊತೆ ಅಲ್ಲ. ಕೋರಂ ಇಲ್ಲ ಅಂತ ಸಭೆಯನ್ನ ಅರ್ಧ ಗಂಟೆ ಮುಂದೂಡಿ, ಅದೇ ಹನ್ನೆರಡು ಜನರ ಮುಂದೆ ವರ್ಷದ ಲೆಕ್ಕ ಪಾಸು ಮಾಡೋ ಪದ್ಧತಿ ನಿಮ್ಮಲ್ಲಿದ್ದರೆ, ಹದಿಮೂರನೆಯವರಾಗಿ ಹೋಗಿ ಕೂತುಕೊಳ್ಳಿ. ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಲಿಫ್ಟಿನ ಬಗ್ಗೆ ಕೂಗಾಡೋದಕ್ಕಿಂತ ಅದು ಎಷ್ಟೋ ವಾಸಿ.

ಹೋದಾಗ ಒಂದೇ ಒಂದು ಪ್ರಶ್ನೆ ಕೇಳಿ, ಸೌಜನ್ಯದಿಂದಲೇ. ಅಧ್ಯಕ್ಷರ ಮೇಲೆ ಗೌರವ ಇದ್ದರೆ ಇನ್ನೂ ಚೆನ್ನಾಗಿ ಕೇಳಿ. ಕೇಳಿ ಆದ ಮೇಲೆ ಅದನ್ನ ನಡಾವಳಿಯಲ್ಲಿ ಬರೆಯೋಕೆ ಹೇಳಿ: ಇಂಥ ಮನೆಯ ಇಂಥವರು ಇಂಥ ಖರ್ಚಿನ ಬಗ್ಗೆ ಕೇಳಿದರು, ಖಜಾಂಚಿಯವರು ಹೀಗೆ ಉತ್ತರ ಕೊಟ್ಟರು. ಆ ರಿಜಿಸ್ಟರಿನಲ್ಲಿ ಕರ್ತೃ ಇರುವ ವಾಕ್ಯ ಬಹುಶಃ ಅದೊಂದೇ ಇರುತ್ತೆ.